ಬೇಲಿ, ಬದು, ಹಿತ್ತಿಲುಗಳಲ್ಲಿ ಜೀವಜಂತುಗಳಿಗೆ ನೆಲೆ

ಹೊಲದ ಸುತ್ತ ಬೇಲಿ, ಬಾವಿಯ ಬಳಿ ಅತ್ತಿಯ ಮರ, ಮನೆಯ ಹಿಂದೆ ಹಿತ್ತಿಲು, ಊರ ಮುಂದೆ ಗುಂಡುತೋಪು: ಇವು ನಾಲ್ಕೂ ಇಲ್ಲದ ಗ್ರಾಮವು ಹಿಂದಿನ ಕಾಲದಲ್ಲಿ ಬಹು ಅಪರೂಪವಾಗಿತ್ತು. ಇವುಗಳನ್ನು ಯಾರೂ ಪ್ರಾಣಿಪಕ್ಷಿಗಳಿಗಾಗಿ ಬೆಳೆಸಿದವರಲ್ಲ. ದನ ನುಗ್ಗದಿರಲೆಂದು ಬೇಲಿ, ನೆರಳಿಗಾಗಿ ಮರ, ಸಾರಿಗೂ ಪೂಜೆಗೂ ಬೇಕಾದ ಸೊಪ್ಪುಹೂವುಗಳಿಗಾಗಿ ಹಿತ್ತಿಲು. ಆದರೆ ಈ ನೆಲೆಗಳಲ್ಲಿ ಹಕ್ಕಿಗಳೂ ಜೇನುಗಳೂ ಚಿಟ್ಟೆಗಳೂ ಕಪ್ಪೆ ಓತಿಗಳೂ ತಾವಾಗಿಯೇ ಬಂದು ನೆಲೆಸಿ, ಬೇಸಾಯಗಾರನು ಕೇಳದೆಯೇ ಆತನ ಕೆಲಸವನ್ನು ಮಾಡುತ್ತಿದ್ದುವು. ಈಗ ಅನೇಕ ಕಡೆಗಳಲ್ಲಿ ಬೇಲಿಯನ್ನು ಕಡಿದು ಕಲ್ಲುಕಂಬ ನೆಟ್ಟು ತಂತಿ ಎಳೆಯುವುದೂ, ಬದುವನ್ನು ಕೆರೆದು ಒಂದು ಸಾಲು ಹೆಚ್ಚಾಗಿ ಬಿತ್ತುವುದೂ, ಹಿತ್ತಿಲಿಗೆ ಕಲ್ಲು ಹಾಸುವುದೂ ವಾಡಿಕೆಯಾಗಿದೆ. ಇದರಿಂದ ಉಂಟಾಗುವ ಲಾಭವು ಕಣ್ಣಿಗೆ ಕಾಣುತ್ತದೆ, ನಷ್ಟವು ಕಾಣುವುದಿಲ್ಲ. ಕಾಣದ ಆ ನಷ್ಟವು ಯಾವುದು, ಅದನ್ನು ಅಲ್ಪ ವೆಚ್ಚದಿಂದ ತಡೆಯುವ ಬಗೆ ಯಾವುದು ಎಂಬುದನ್ನು ಜಮೀನುದಾರರೂ ಗ್ರಾಮದ ಮುಖಂಡರೂ ಆಲೋಚಿಸತಕ್ಕದ್ದು ಅವಶ್ಯಕವಾಗಿದೆ.

ಬೇಲಿಯಲ್ಲಿ ವಾಸಿಸುವವರು

ಲಕ್ಕಿ, ಕಾರೆ, ಕವಳಿ, ಬಂದರಿಕೆ, ತಂಗಡಿ ಮುಂತಾದ ಗಿಡಗಳು ಸೇರಿ ಬೆಳೆದ ಹಳೆಯ ಬೇಲಿಯೊಂದನ್ನು ಬೆಳಗಿನ ಹೊತ್ತು ಸ್ವಲ್ಪ ಕಾಲ ನಿಂತು ನೋಡಿದರೆ ಅದರಲ್ಲಿ ಎಷ್ಟು ಬಗೆಯ ಪ್ರಾಣಿಗಳು ಜೀವಿಸುತ್ತವೆಂಬುದು ತಿಳಿಯುತ್ತದೆ. ಪಿಕಳಾರಗಳು ಒಳಗೊಳಗೆ ಹಾರಾಡುತ್ತಿರುತ್ತವೆ. ಕೆಂಬೂತವು ನೆಲದಮೇಲೆ ನಡೆದಾಡುತ್ತ ಬಸವನಹುಳು, ಮಿಡತೆ, ಇಲಿಮರಿಗಳನ್ನು ಹುಡುಕುತ್ತದೆ. ಎತ್ತರದ ಕಡ್ಡಿಯ ತುದಿಯಲ್ಲಿ ಕಾಜಾಣವು ಕುಳಿತು, ಹಾರುವ ಹುಳುಗಳನ್ನು ಗಾಳಿಯಲ್ಲಿಯೇ ಹಿಡಿಯುತ್ತದೆ. ಕರ್ಣಾಟಕ ರಾಜ್ಯದ ಪಕ್ಷಿಯೆಂದು ಗೌರವ ಪಡೆದಿರುವ ನೀಲಕಂಠವು ಒಣಗಿದ ಕೊಂಬೆಯ ಮೇಲೆ ಕಾದು ಕುಳಿತು ಮಿಡತೆ, ಜೀರುಂಡೆಗಳಮೇಲೆ ಎರಗುತ್ತದೆ. ಉಳುವಾಗ ನೇಗಿಲ ಹಿಂದೆ ಬೆಳ್ಳಕ್ಕಿಯೂ ಗೊರವಂಕವೂ ನಡೆದುಬಂದು, ಮಣ್ಣಿನಿಂದ ಮೇಲೆದ್ದ ಹುಳುಗಳನ್ನು ಆರಿಸಿ ತಿನ್ನುವುದನ್ನು ಕಾಣದ ರೈತನೇ ಇಲ್ಲ. ಚಂದ್ರಮುಕುಟವು ತನ್ನ ಉದ್ದವಾದ ಕೊಕ್ಕಿನಿಂದ ನೆಲವನ್ನು ಕುಕ್ಕಿ, ಒಳಗೆ ಅಡಗಿರುವ ಮರಿಹುಳುಗಳನ್ನು ಹೊರಗೆ ಎಳೆಯುತ್ತದೆ.

ಧಾನ್ಯ ತಿನ್ನುವ ಹಕ್ಕಿಗಳನ್ನು ಶತ್ರುಗಳೆಂದು ಎಣಿಸುವುದು ಸಾಮಾನ್ಯವಾಗಿದೆ. ಆದರೆ ಒಂದು ವಿಷಯವನ್ನು ಮರೆಯಬಾರದು. ಗುಬ್ಬಚ್ಚಿಯೂ ಗೀಜಗವೂ ತಾವು ಕಾಳನ್ನು ತಿಂದರೂ, ಗೂಡಿನಲ್ಲಿರುವ ಎಳೆಯ ಮರಿಗಳಿಗೆ ಹುಳುಹುಪ್ಪಟೆಗಳನ್ನು ತಂದು ತಿನ್ನಿಸುತ್ತವೆ. ಎಳೆಮರಿಯು ಬೆಳೆಯಬೇಕಾದರೆ ಆ ಬಗೆಯ ಆಹಾರವೇ ಬೇಕು. ಮಳೆಗಾಲದಲ್ಲಿ ಪೈರು ಎಳೆಯದಾಗಿದ್ದು ಹುಳುವಿನ ಬಾಧೆ ಹೆಚ್ಚಾಗಿರುವ ಕಾಲದಲ್ಲಿಯೇ ಗೀಜಗಗಳು ಗೂಡು ಕಟ್ಟಿ ಮರಿಮಾಡುತ್ತವೆ.

ಈ ಮಾತು ಬರಿಯ ಊಹೆಯಲ್ಲವೆಂಬುದಕ್ಕೆ ಚೀನಾ ದೇಶದ ಅನುಭವವೇ ಸಾಕ್ಷಿ. 1958ನೆಯ ಇಸವಿಯಲ್ಲಿ ಅಲ್ಲಿಯ ಸರ್ಕಾರವು ಇಲಿ, ನೊಣ, ಸೊಳ್ಳೆಗಳ ಸಂಗಡ ಗುಬ್ಬಚ್ಚಿಯನ್ನೂ ಹಾನಿಕಾರಕ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತು. ಜನರು ತಮಟೆ ತಗಡುಗಳನ್ನು ಬಡಿದು, ಹಕ್ಕಿಗಳು ಎಲ್ಲಿಯೂ ಕುಳಿತುಕೊಳ್ಳದಂತೆ ಮಾಡಿ, ಅವು ದಣಿದು ಬೀಳುವಂತೆ ಮಾಡಿದರು. ಗೂಡು ಮೊಟ್ಟೆಗಳನ್ನು ನಾಶಗೊಳಿಸಿದರು. ಗುಬ್ಬಚ್ಚಿಗಳು ಕಡಿಮೆಯಾದ ಮೇಲೆ ಮಿಡತೆ ಮೊದಲಾದ ಕೀಟಗಳ ಹಾವಳಿ ಹೆಚ್ಚಿತು. 1960ರಲ್ಲಿ ಗುಬ್ಬಚ್ಚಿಯ ಹೆಸರನ್ನು ಪಟ್ಟಿಯಿಂದ ತೆಗೆದು ಅದರ ಸ್ಥಾನದಲ್ಲಿ ತಿಗಣೆಯ ಹೆಸರನ್ನು ಸೇರಿಸಬೇಕಾಯಿತು. ಆ ವರ್ಷಗಳಲ್ಲಿ ಆ ದೇಶಕ್ಕೆ ಬಂದ ಘೋರ ಕ್ಷಾಮಕ್ಕೆ ಇದೊಂದೇ ಕಾರಣವಲ್ಲದಿದ್ದರೂ, ಹಕ್ಕಿಯು ತಿಂದ ಕಾಳನ್ನು ಮಾತ್ರ ಎಣಿಸಿ, ಅದು ತಿಂದ ಹುಳುವನ್ನು ಎಣಿಸದಿದ್ದರೆ ಲೆಕ್ಕವು ಎಷ್ಟು ತಪ್ಪಾಗುತ್ತದೆಂಬುದನ್ನು ಅದು ಚೆನ್ನಾಗಿ ತೋರಿಸಿಕೊಟ್ಟಿದೆ.

ಇಲಿಯ ಶತ್ರುಗಳು

ಗದ್ದೆಯಲ್ಲಿಯೂ ಕಣಜದಲ್ಲಿಯೂ ಇಲಿ ಹೆಗ್ಗಣಗಳಿಂದ ಆಗುವ ನಷ್ಟವನ್ನು ಬೇಸಾಯಗಾರರಿಗೆ ಹೇಳಬೇಕಾಗಿಲ್ಲ. ಇವನ್ನು ಹಿಡಿಯುವುದರಲ್ಲಿ ಕಣಜದ ಗೂಬೆಗೆ ಸಮಾನವಾದ ಪ್ರಾಣಿಯು ವಿರಳ. ಗಂಡುಹೆಣ್ಣುಗಳ ಒಂದು ಜೊತೆಯು ಮರಿಗಳಿರುವ ಕಾಲದಲ್ಲಿ ರಾತ್ರಿಯೆಲ್ಲ ಹಾರಾಡಿ ಇಲಿಗಳನ್ನು ತಂದು ಗೂಡಿಗೆ ಹಾಕುತ್ತದೆ. ಹಾಲಕ್ಕಿಯೂ ಇಲಿಮರಿಗಳನ್ನೂ ಜೀರುಂಡೆಗಳನ್ನೂ ತಿನ್ನುತ್ತದೆ. ಇಂತಹ ಉಪಕಾರಿಯಾದ ಪಕ್ಷಿಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವುದು ತನ್ನ ಕಾವಲುಗಾರನನ್ನು ತಾನೇ ಹೊಡೆದು ಅಟ್ಟಿದಂತೆ. ಹಳೆಯ ಪೊಟರೆಮರಗಳು ಇಲ್ಲದ ಊರಿನಲ್ಲಿ, ಎರಡಡಿ ಉದ್ದದ ಮರದ ಪೆಟ್ಟಿಗೆಗೆ ಗೇಣಿಗಿಂತ ಸ್ವಲ್ಪ ಕಡಿಮೆ ಅಗಲದ ಬಾಗಿಲು ಕೊರೆದು, ಹನ್ನೆರಡು ಹದಿನೈದು ಅಡಿ ಎತ್ತರದಲ್ಲಿ ಗದ್ದಲವಿಲ್ಲದ ಕಡೆ ಕಟ್ಟಿದರೆ ಕಣಜದ ಗೂಬೆಯು ಅದನ್ನು ಗೂಡಾಗಿ ಮಾಡಿಕೊಳ್ಳುವ ಸಂಭವವುಂಟು. ಆದರೆ ವಿಷ ತಿಂದ ಇಲಿಯನ್ನು ಗೂಬೆಯು ತಿಂದರೆ ಗೂಬೆಯೂ ಸಾಯಬಹುದು. ಪೆಟ್ಟಿಗೆ ಕಟ್ಟಿದ ಹೊಲದಲ್ಲಿ ಇಲಿಪಾಷಾಣವನ್ನು ಇಡದೆ ಬೋನುಗಳನ್ನೇ ಉಪಯೋಗಿಸುವುದು ಯುಕ್ತ.

ಕೇರೆಹಾವೂ ಮುಂಗುಸಿಯೂ ಇಲಿಗಳನ್ನು ಹಿಡಿಯುತ್ತವೆ. ಕೇರೆಹಾವಿಗೆ ವಿಷವಿಲ್ಲ. ಆದರೂ ಕಂಡ ಕಂಡಲ್ಲಿ ಅದನ್ನು ನಾಗರವೆಂದು ಭ್ರಮಿಸಿ ಕೊಲ್ಲುತ್ತಾರೆ. ವಿಷದ ಹಾವುಗಳ ಭಯವು ನಿರಾಧಾರವಾದುದಲ್ಲ. ಹೊಲದಲ್ಲಿ ದುಡಿಯುವ ಜನರಿಗೆ ಹಾವಿನ ಕಡಿತವು ಪ್ರಾಣಾಂತಿಕವಾದ ಅಪಾಯ. ಈ ಕಾರಣದಿಂದಲೇ ಪೊದೆಬೇಲಿಯು ಹೊಲದ ಎಲ್ಲೆಯಲ್ಲಿ ಇರತಕ್ಕದ್ದೇ ಹೊರತು ಮನೆಯ ಬಾಗಿಲಲ್ಲಿ ಅಲ್ಲ. ವಾಸದ ಮನೆ, ಕೊಟ್ಟಿಗೆ, ಕಣಗಳ ಸುತ್ತ ನೆಲವನ್ನು ಚೊಕ್ಕಟವಾಗಿಟ್ಟು, ಸೌದೆ ಕಲ್ಲುಗಳ ರಾಶಿಯನ್ನು ದೂರವಿರಿಸಿ, ರಾತ್ರಿ ದೀಪವಿಲ್ಲದೆ ಓಡಾಡದಿದ್ದರೆ ಅಪಾಯವು ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ಕಡಿತವಾದಲ್ಲಿ ನಾಟಿ ಮಂತ್ರಗಳಿಗೆ ಕಾಲಹರಣ ಮಾಡದೆ ವಿಷನಿವಾರಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೂಡಲೆ ಕರೆದೊಯ್ಯಬೇಕು.

ಹುಳುವನ್ನು ತಿನ್ನುವ ಹುಳುಗಳು

ಎಲ್ಲ ಕೀಟಗಳೂ ಪೈರಿಗೆ ಶತ್ರುಗಳಲ್ಲ. ಗುಲಗಂಜಿ ಹುಳು, ಏರೋಪ್ಲೇನು ಚಿಟ್ಟೆ, ಜೇಡ, ಸಣ್ಣ ಕಣಜಗಳು ಇವೆಲ್ಲ ಪೈರನ್ನು ಮುಟ್ಟದೆ ಅದರ ಶತ್ರುಗಳನ್ನೇ ತಿಂದು ಬದುಕುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳು ಒಂದು ಬಗೆಯ ಶಲ್ಕಕೀಟದಿಂದ ಹಾಳಾಗುತ್ತಿದ್ದಾಗ, 1888ರಲ್ಲಿ ಆಸ್ಟ್ರೇಲಿಯದಿಂದ ಒಂದು ಜಾತಿಯ ಗುಲಗಂಜಿ ಹುಳುವನ್ನು ತಂದು ಬಿಟ್ಟುದರಿಂದ ಸ್ವಲ್ಪ ಕಾಲದಲ್ಲಿಯೇ ಪೀಡೆಯು ಅಡಗಿತು. ಅದೇ ಹುಳುವನ್ನು 1930ರ ಸುಮಾರಿನಲ್ಲಿ ನೀಲಗಿರಿ ಸೀಮೆಗೂ ತಂದು ಬಿಟ್ಟು ಗುಣ ಪಡೆದರು. ಈಚಿನ ಉದಾಹರಣೆಯೊಂದುಂಟು. 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಾಣಿಸಿಕೊಂಡ ಪರಂಗಿಯ ಹಿಟ್ಟುತಿಗಣೆಯು ಪರಂಗಿ, ಹಿಪ್ಪುನೇರಳೆ ತೋಟಗಳನ್ನು ಹಬ್ಬಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. 2010ರಲ್ಲಿ ಹೊರದೇಶದಿಂದ ತರಿಸಿ ಬಿಟ್ಟ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಪರೋಪಜೀವಿ ಕಣಜವು ಆ ತಿಗಣೆಯನ್ನು ಹತೋಟಿಗೆ ತಂದಿತು. ತೆಂಗಿನ ಕಪ್ಪುತಲೆ ಹುಳುವಿಗೂ ಇಂತಹುದೇ ಪರೋಪಜೀವಿಗಳನ್ನು ಪ್ರಯೋಗಶಾಲೆಗಳಲ್ಲಿ ಬೆಳೆಸಿ ತೋಟಗಳಲ್ಲಿ ಬಿಡುತ್ತಾರೆ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಇಂತಹ ಕಣಜಗಳ ಪೈಕಿ ಅನೇಕವು ಮರಿಯಾಗಿದ್ದಾಗ ಮಾತ್ರ ಪೀಡೆಹುಳುವನ್ನು ತಿನ್ನುತ್ತವೆ. ರೆಕ್ಕೆ ಬಂದ ಮೇಲೆ ಅವಕ್ಕೆ ಹೂವಿನ ಮಕರಂದವೇ ಆಹಾರ. ಬದುವಿನಲ್ಲಿ ತುಂಬೆ, ಕೊತ್ತಂಬರಿ, ಸಾಸಿವೆ, ತುಳಸಿ ಇವುಗಳ ಹೂವು ಇಲ್ಲದಿದ್ದರೆ ಅವು ಬದುಕಲಾರವು. ಅಲ್ಲದೆ ಅಗತ್ಯವಿಲ್ಲದಿದ್ದರೂ ವಿಷದ್ರವ್ಯವನ್ನು ಸಿಂಪಡಿಸುತ್ತಿದ್ದರೆ ಮಿತ್ರರೂ ಶತ್ರುಗಳೂ ಒಟ್ಟಿಗೆ ಸಾಯುತ್ತಾರೆ; ಶತ್ರುಗಳು ಬೇಗ ಮರಳಿ ಹೆಚ್ಚುತ್ತವೆ, ಮಿತ್ರರು ತಡವಾಗಿ ಬರುತ್ತಾರೆ.

ಜೇನೂ ದುಂಬಿಯೂ

ಕುಂಬಳ, ಸೋರೆ, ಹೀರೆ, ಸೌತೆಗಳಲ್ಲಿ ಗಂಡುಹೂವೂ ಹೆಣ್ಣುಹೂವೂ ಬೇರೆ ಬೇರೆ. ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಕೀಟವಿಲ್ಲದಿದ್ದರೆ ಬಳ್ಳಿಯ ತುಂಬ ಹೂವಿದ್ದರೂ ಕಾಯಿಲ್ಲ. ರೊಬಸ್ಟ ಕಾಫಿಯ ಗಿಡವು ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಹೂಮಳೆಯಾದ ಮೇಲೆ ಕೊಡಗಿನ ತೋಟಗಳಲ್ಲಿ ಹೆಜ್ಜೇನೂ ತುಡುವೆಯೂ ಮಾಡುವ ಕೆಲಸಕ್ಕೆ ಕೂಲಿ ಕೊಡಬೇಕಾಗಿದ್ದರೆ ಯಾವ ತೋಟಗಾರನೂ ತಾಳಲಾರನು. ಬದನೆಯ ಹೂವಿನಿಂದ ಪರಾಗ ಉದುರಬೇಕಾದರೆ ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಗುಂಯ್‌ಗುಟ್ಟಿಸಿ ಅಲುಗಿಸಬೇಕು. ಇದನ್ನು ಜೇನುಹುಳು ಮಾಡಲರಿಯದು. ಮರ ಕೊರೆಯುವ ಕಪ್ಪು ದುಂಬಿಯೂ, ಮಣ್ಣಿನಲ್ಲಿ ಬಿಲ ಮಾಡುವ ನೀಲಿಪಟ್ಟೆಯ ದುಂಬಿಯೂ ಮಾಡುತ್ತವೆ. ಬೇಲಿಯಲ್ಲಿನ ಒಣಕೊಂಬೆಯನ್ನೂ ಹಳೆಯ ಮಣ್ಣುಗೋಡೆಯನ್ನೂ ನಿರುಪಯೋಗವೆಂದು ತೆಗೆದುಹಾಕುವವರು ಈ ದುಂಬಿಗಳ ಮನೆಯನ್ನೇ ಕಿತ್ತುಹಾಕುತ್ತಾರೆ.

1991, 1992ನೆಯ ಇಸವಿಗಳಲ್ಲಿ ದಕ್ಷಿಣ ಭಾರತದ ತುಡುವೆ ಜೇನುಗಳಿಗೆ ಥಾಯ್ ಚೀಲರೋಗವೆಂಬ ವೈರಸ್ ಜಾಡ್ಯವು ತಗುಲಿ, ಕರ್ಣಾಟಕ ಕೇರಳಗಳ ಜೇನುಪೆಟ್ಟಿಗೆಗಳಲ್ಲಿ ಬಹುಭಾಗ ಬರಿದಾದುವು. ಅನೇಕ ಕುಟುಂಬಗಳ ಉಪಜೀವನವು ನಿಂತಿತು. ಕಾಲಕ್ರಮದಲ್ಲಿ, ಬದುಕಿ ಉಳಿದ ಕುಟುಂಬಗಳಿಂದಲೂ ಕಾಡಿನ ಕುಟುಂಬಗಳಿಂದಲೂ ಜೇನು ಮತ್ತೆ ವೃದ್ಧಿಯಾಯಿತು. ಪೆಟ್ಟಿಗೆಯ ಜೇನಿಗೆ ಆಪತ್ತು ಬಂದಾಗ ಕಾಡುಮೇಡುಗಳ ಜೇನೇ ಆಧಾರ.

ಕೊಕ್ಕರೆಬೆಳ್ಳೂರಿನ ನಿದರ್ಶನ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪವಾಗಿ ಕೊಕ್ಕರೆಬೆಳ್ಳೂರು ಎಂಬ ಗ್ರಾಮವುಂಟು. ಇಲ್ಲಿ ಪ್ರತಿ ವರ್ಷವೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನೂರಾರು ಸಂಖ್ಯೆಯಲ್ಲಿ ಬಂದು, ಮನೆಗಳ ನಡುವೆ ಇರುವ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡಿಕೊಂಡು ಹೋಗುತ್ತವೆ. ಪ್ಲೇಗಿನ ಕಾಲದಲ್ಲಿ ಊರು ಹಳೆಯ ಸ್ಥಳವನ್ನು ಬಿಟ್ಟು ಬಂದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದುವೆಂದು ಗ್ರಾಮಸ್ಥರು ಹೇಳುತ್ತಾರೆ. ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವ ಜನರು, ಹಕ್ಕಿಗಳಿರುವ ಮರದ ಹುಣಸೆಯನ್ನು ಬಡಿಯದೆ ಬಿಡುತ್ತಾರೆ. ಈ ನಷ್ಟಕ್ಕಾಗಿ ಅರಣ್ಯ ಇಲಾಖೆಯವರು ಮರದ ಒಡೆಯರಿಗೆ ಪರಿಹಾರ ಧನವನ್ನು ಕೊಡುವ ಏರ್ಪಾಡು ಮಾಡಿದರು. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಹೂಳು ಮಣ್ಣಿನೊಡನೆ ಸೇರಿಸಿ ಗೊಬ್ಬರವಾಗಿ ಗದ್ದೆಗಳಿಗೆ ಹಾಕುವ ಪದ್ಧತಿಯೂ ಅಲ್ಲಿ ಬೆಳೆದುಬಂದಿತು. 2007ರಲ್ಲಿ ಈ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲ್ಪಟ್ಟಿತು. ಬೇಲಿಯೂ ಕಾವಲೂ ಇಲ್ಲದೆ, ಜನರ ಸೌಜನ್ಯದಿಂದಲೇ ಉಳಿದು ಬಂದಿರುವ ಈ ಪಕ್ಷಿಧಾಮವು ಇತರ ಗ್ರಾಮಗಳಿಗೆ ಮೇಲ್ಪಂಕ್ತಿಯಾಗಿದೆ.

ನೆಡತಕ್ಕ ಗಿಡಗಳು

ಹೊಲದ ಎಲ್ಲೆಯಲ್ಲಿ ಲಕ್ಕಿ, ಕಾರೆ, ಕವಳಿ, ಬಂದರಿಕೆ, ಗೊಬ್ಬರದ ಗಿಡ ಇವುಗಳನ್ನು ಮಿಶ್ರವಾಗಿ, ಮಳೆಗಾಲದ ಆರಂಭದಲ್ಲಿ ನೆಡಬೇಕು. ಒಂದೇ ಜಾತಿಯ ಬೇಲಿಗಿಂತ ಹಲವು ಜಾತಿಗಳ ಬೇಲಿ ಮೇಲು; ಏಕೆಂದರೆ ಒಂದರ ಹೂವು ಮುಗಿಯುವುದರೊಳಗಾಗಿ ಇನ್ನೊಂದರ ಹೂವು ಅರಳುತ್ತದೆ. ನಡುನಡುವೆ ದೂರ ದೂರವಾಗಿ ಹೊಂಗೆ, ಬೇವು, ಹಾಲುವಾಣಗಳನ್ನು ಬೆಳೆಸಿದರೆ ಸೊಪ್ಪು ಗೊಬ್ಬರಕ್ಕೆ ಒದಗುತ್ತದೆ. ಎಲೆಯುದುರಿದ ಕಾಲದಲ್ಲಿ ಕೆಂಪಾಗಿ ಅರಳುವ ಹಾಲುವಾಣಕ್ಕೆ ಗೊರವಂಕ, ಕಾಜಾಣ, ಸೂರಕ್ಕಿಗಳು ಮುತ್ತುತ್ತವೆ.

ಬಾವಿ, ಕೆರೆ, ಹಳ್ಳಗಳ ಬಳಿ ಅತ್ತಿ, ಗೋಣಿ, ಬಸರಿ, ನೇರಳೆಗಳು ಯೋಗ್ಯ. ಆಲ ಅತ್ತಿಗಳ ಜಾತಿಯ ಮರಗಳು ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲಿಯೂ ಹಣ್ಣು ಬಿಡುವುದರಿಂದ ಕುಟ್ರುಹಕ್ಕಿ, ಕೋಗಿಲೆ, ಬಾವಲಿ, ಅಳಿಲುಗಳಿಗೆ ಅವು ಆಪತ್ಕಾಲದ ಕಣಜವಿದ್ದಂತೆ. ಇವುಗಳ ಬೇರು ಕಟ್ಟಡಗಳನ್ನು ಸೀಳುವುದರಿಂದ ಬಾವಿಯ ಕಟ್ಟೆಯಿಂದಲೂ ಮನೆಯ ಗೋಡೆಯಿಂದಲೂ ಸಾಕಷ್ಟು ದೂರದಲ್ಲಿ ನೆಡತಕ್ಕದ್ದು.

ಹಿತ್ತಿಲಲ್ಲಿ ಕರಿಬೇವು, ನಿಂಬೆ, ನುಗ್ಗೆ, ಸೀಬೆ, ದಾಸವಾಳ, ತುಳಸಿ ಇವು ಮನೆಗೂ ಬೇಕು, ಜೀವಿಗಳಿಗೂ ಬೇಕು. ನಿಂಬೆ ಕರಿಬೇವುಗಳ ಎಲೆಯಮೇಲೆ ಕಾಣುವ ಹಕ್ಕಿಯ ಹಿಕ್ಕೆಯಂತಹ ಮರಿಹುಳುಗಳು ಮುಂದೆ ಅಂದವಾದ ಚಿಟ್ಟೆಗಳಾಗುತ್ತವೆ. ಎಳೆಯ ಸಸಿಯಲ್ಲಿ ಹೆಚ್ಚಾಗಿ ಕಂಡರೆ ಕೈಯಿಂದ ಎತ್ತಿ ದೊಡ್ಡ ಗಿಡಕ್ಕೆ ಬಿಟ್ಟರೆ ಸಾಕು. ಬೇಲಿಮೂಲೆಯ ಎಕ್ಕದ ಗಿಡವೂ ಒಂದು ಜಾತಿಯ ಚಿಟ್ಟೆಗೆ ತವರು. ಮಲೆನಾಡಿನಲ್ಲಿ ಈಶ್ವರಿ ಬಳ್ಳಿಯನ್ನು ಉಳಿಸಿದವರು ಅದರ ಎಲೆಯನ್ನೇ ತಿಂದು ಬೆಳೆಯುವ ದೊಡ್ಡ ಹೊನ್ನಬಣ್ಣದ ಚಿಟ್ಟೆಯನ್ನು ತಮ್ಮ ತೋಟದಲ್ಲಿ ಕಾಣಬಹುದು. ಬೇಸಗೆಯಲ್ಲಿ ಎರಡಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟು, ನಡುವೆ ಒಂದು ಕಲ್ಲನ್ನಿಟ್ಟರೆ ಹಕ್ಕಿಗೂ ಜೇನಿಗೂ ಕುಡಿಯಲು ಅನುಕೂಲ. ಆ ನೀರನ್ನು ದಿನವೂ ಬದಲಾಯಿಸದಿದ್ದರೆ ಸೊಳ್ಳೆಗಳಿಗೆ ಎಡೆಯಾಗುತ್ತದೆ.

ಪೈರಿನ ನಡುವೆಯೂ ಸ್ವಲ್ಪ ಏರ್ಪಾಡು ಮಾಡಬಹುದು. 2018ರಲ್ಲಿ ಕರ್ಣಾಟಕದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನಿಂದ ಮುಸುಕಿನ ಜೋಳವನ್ನು ಕಾಪಾಡಲು, ಎಕರೆಗೆ 10ರಂತೆ ಹಕ್ಕಿ ಕೂರುವ ಕವಲುಗೋಲುಗಳನ್ನು ನೆಡಬೇಕೆಂದು ತಜ್ಞರು ಸಲಹೆ ಕೊಟ್ಟಿದ್ದಾರೆ. ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಅವನ್ನು ತೆಗೆಯಬೇಕು. ಟೊಮೇಟೊ ತೋಟದಲ್ಲಿ 16 ಸಾಲಿಗೆ ಒಂದು ಸಾಲು ಚೆಂಡುಹೂವನ್ನು ಹಾಕಿದರೆ ಕಾಯಿಕೊರಕದ ಚಿಟ್ಟೆಯು ಚೆಂಡುಹೂವಿನಮೇಲೆಯೇ ಮೊಟ್ಟೆಯಿಡಲು ಇಷ್ಟಪಡುವುದರಿಂದ ಹಣ್ಣಿಗೆ ಆಗುವ ಹಾನಿ ಕಡಿಮೆಯಾಗುತ್ತದೆ.

ನೆಡಬಾರದ ಗಿಡಗಳೂ ಉಂಟು. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ತಂದ ಲಂಟಾನವು ಇಂದು ಕಾಡು ಗೋಮಾಳಗಳನ್ನೆಲ್ಲ ಆಕ್ರಮಿಸಿದೆ. ಬೇಲಿಯಲ್ಲಿ ಅದು ಈಗಾಗಲೇ ಇದ್ದರೆ ಒಮ್ಮೆಗೇ ಕಿತ್ತು ಹಕ್ಕಿಗಳ ಆಸರೆಯನ್ನು ತಪ್ಪಿಸದೆ, ವರ್ಷಕ್ಕೆ ಸ್ವಲ್ಪಭಾಗದಂತೆ ಬೇರುಸಹಿತ ತೆಗೆದು, ಆ ಎಡೆಯಲ್ಲಿ ದೇಶೀಯ ಗಿಡಗಳನ್ನು ನೆಡುವುದು ಉತ್ತಮ.

ಆಕ್ಷೇಪಣೆಗಳು

ಬೇಲಿಯ ಬೇರೂ ನೆರಳೂ ಪಕ್ಕದ ಸಾಲುಗಳ ಇಳುವರಿಯನ್ನು ಕಡಿಮೆ ಮಾಡುತ್ತವೆಂಬುದು ಮೊದಲನೆಯ ಆಕ್ಷೇಪಣೆ. ಇದು ನಿಜವೇ. ವರ್ಷಕ್ಕೊಮ್ಮೆ ಬೇಲಿಯನ್ನು ಸವರಿ ಸೊಪ್ಪನ್ನು ಹೊಲಕ್ಕೇ ಹಾಕುವುದರಿಂದಲೂ, ಬದುವಿನ ಪಕ್ಕದಲ್ಲಿ ಒಂದು ಕಿರುಗಾಲುವೆ ತೋಡಿ ಬೇರನ್ನು ಕಡಿಯುವುದರಿಂದಲೂ ಈ ನಷ್ಟವನ್ನು ಮಿತಿಯಲ್ಲಿಡಬಹುದು. ಗಿಳಿ, ನವಿಲು, ಕಾಡುಹಂದಿ, ಕೋತಿಗಳ ಕಾಟವು ಎರಡನೆಯ ಆಕ್ಷೇಪಣೆ. ಇದೂ ಸಣ್ಣ ಮಾತಲ್ಲ. ತೆನೆ ಬಲಿಯುವ ಕೆಲವು ವಾರಗಳಲ್ಲಿ ಕಾವಲು, ಬೆದರುಬೊಂಬೆ, ಬಲೆಗಳು ಅವಶ್ಯಕವೇ ಸರಿ. ನೆರೆಹೊರೆಯವರೆಲ್ಲ ಏಕಕಾಲದಲ್ಲಿ ಬಿತ್ತಿದರೆ ಒಬ್ಬನ ಹೊಲಕ್ಕೇ ಹಕ್ಕಿಗಳೆಲ್ಲ ಎರಗುವುದು ತಪ್ಪುತ್ತದೆ. ಆದರೆ ಕೆಲವು ವಾರಗಳ ಕಾಟಕ್ಕಾಗಿ ವರ್ಷದ ಉಳಿದ ಕಾಲದ ಉಪಕಾರವನ್ನು ಕಳೆದುಕೊಳ್ಳುವುದು ವಿವೇಕವಲ್ಲ. ವಿಷವಿಟ್ಟು ಕೊಲ್ಲುವುದಂತೂ 1972ನೆಯ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಪರಾಧವೂ ಆಗುತ್ತದೆ.

ಗ್ರಾಮದ ಮುಖಂಡರ ಕರ್ತವ್ಯ

ಒಬ್ಬನ ಬೇಲಿಯಲ್ಲಿ ಕಟ್ಟಿದ ಗೂಡಿನ ಹಕ್ಕಿಯು ಹತ್ತು ಜನರ ಹೊಲದ ಹುಳುವನ್ನು ತಿನ್ನುತ್ತದೆ. ಒಬ್ಬನು ಸಿಂಪಡಿಸಿದ ವಿಷವು ಹತ್ತು ಜನರ ಜೇನನ್ನು ಕೊಲ್ಲುತ್ತದೆ. ಆದುದರಿಂದ ಈ ಕಾರ್ಯವು ಒಬ್ಬೊಬ್ಬರಿಂದ ಸಂಪೂರ್ಣವಾಗತಕ್ಕದ್ದಲ್ಲ, ಊರೊಟ್ಟಿನಿಂದ ಆಗಬೇಕು. ಗುಂಡುತೋಪು, ಕೆರೆಯ ಏರಿ, ದೇವರಕಾಡುಗಳು ಊರಿನ ಸಾಮಾನ್ಯ ಸ್ವತ್ತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಲೆಕ್ಕದಲ್ಲಿವೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹಳೆಯ ಹುಣಸೆತೋಪು 2007ರಲ್ಲಿ ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆಯನ್ನು ಪಡೆಯಿತು. ಊರಿನವರು ತಲೆತಲಾಂತರವಾಗಿ ಕೊಡಲಿ ಹಾಕದೆ ಬಿಟ್ಟುದೇ ಆ ಮರಗಳಿಗೆ ಬಂದ ಗೌರವಕ್ಕೆ ಮೂಲ.

2002ನೆಯ ಜೀವವೈವಿಧ್ಯ ಶಾಸನದ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಏರ್ಪಡಿಸಿ, ಆ ಸೀಮೆಯ ಗಿಡಮೂಲಿಕೆ, ಬೆಳೆಯ ತಳಿ, ಪ್ರಾಣಿಪಕ್ಷಿ, ಅವುಗಳ ವಿಷಯದಲ್ಲಿ ಹಿರಿಯರಿಗೆ ತಿಳಿದಿರುವ ಸಂಗತಿಗಳು ಇವನ್ನೆಲ್ಲ ದಾಖಲೆಯಲ್ಲಿ ಬರೆದಿಡತಕ್ಕದ್ದು. ಈ ದಾಖಲೆಯನ್ನು ಕಾಗದ ತುಂಬಿಸುವ ಕೆಲಸವೆಂದು ಎಣಿಸದೆ, ಊರಿನ ಮುದುಕರನ್ನೂ ಕುರಿಗಾಹಿಗಳನ್ನೂ ನಾಟಿವೈದ್ಯರನ್ನೂ ಸೇರಿಸಿಕೊಂಡು, ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ, ಯಾವ ಬಂಡೆಗೆ ಹೆಜ್ಜೇನು ಬರುತ್ತದೆ ಎಂಬುದನ್ನು ನಿಜವಾಗಿ ಬರೆಸುವುದು ಮುಖಂಡರ ಕೈಯಲ್ಲಿದೆ. ರಸ್ತೆಯ ಕಾಮಗಾರಿಗೂ ಕೆರೆಯ ಹೂಳೆತ್ತುವುದಕ್ಕೂ ಅನುಮತಿ ಕೊಡುವಾಗ ಆ ಪುಸ್ತಕವನ್ನು ತೆರೆದು ನೋಡಿದರೆ ಎಷ್ಟೋ ಹಳೆಯ ಮರಗಳು ಉಳಿಯುತ್ತವೆ.

ಒಂದು ಹುಣಸೆಯ ಮರವನ್ನು ಕಡಿಯಲು ಅರ್ಧ ದಿನ ಸಾಕು. ಹಕ್ಕಿ ಗೂಡು ಕಟ್ಟುವಷ್ಟು ಅದನ್ನು ಬೆಳೆಸಲು ಒಂದು ತಲೆಮಾರು ಬೇಕು. ಈ ವರ್ಷದ ಮುಂಗಾರಿನಲ್ಲಿ ಪ್ರತಿಯೊಬ್ಬ ಜಮೀನುದಾರರೂ ತಮ್ಮ ಎಲ್ಲೆಯ ಒಂದು ಮಗ್ಗುಲಿನಲ್ಲಾದರೂ ಮಿಶ್ರಬೇಲಿಯನ್ನು ನೆಟ್ಟು, ಹಿತ್ತಿಲಲ್ಲಿ ಎರಡು ಹೂವಿನ ಗಿಡಗಳನ್ನೂ ಒಂದು ಹಣ್ಣಿನ ಗಿಡವನ್ನೂ ಹಾಕಿ, ಬಾವಿಯ ಬಳಿಯ ಹಳೆಯ ಮರಕ್ಕೆ ಕೊಡಲಿ ಇಡದೆ ಬಿಟ್ಟರೆ, ಅದರ ಫಲವನ್ನು ಮೊದಲು ಹಕ್ಕಿಗಳೂ ಜೇನುಗಳೂ, ತರುವಾಯ ಅವರ ಪೈರೂ, ಕೊನೆಗೆ ಅವರ ಮಕ್ಕಳೂ ಅನುಭವಿಸುವರೆಂಬುದರಲ್ಲಿ ಸಂದೇಹವಿಲ್ಲ.